ಕಿಸೆಯಲ್ಲಿ ಹೋದ ಗಿರಣಿ

ಇಂಡಿಯಲ್ಲಿ ಬೆಳಗಿನ ಸಿಂದಗಿ ಬಸ್ಸು ಹತ್ತಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು. ಬಸ್ಸಿನ ನಡುದಾರಿಯಲ್ಲಿ ಲಿಂಬೆಹಣ್ಣಿನ ಚೀಲಗಳನ್ನು ಒಟ್ಟಿದ್ದರು. ಹಬ್ಬಕ್ಕೆ ತವರಿಗೆ ಹೊರಟ ಹೆಂಗಸರು ಅವುಗಳ ಮೇಲೆಯೇ ಕಾಲಿಟ್ಟುಕೊಂಡು ಕುಳಿತಿದ್ದರು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಲಿಂಬೆಯ ವಾಸನೆ ಏಳುತ್ತಿತ್ತು. ಈ ವಾಸನೆಯಲ್ಲಿಯೇ ನಾನು ಮೊದಲ ಬಾರಿ ಕೆಲಸ ಹುಡುಕಿಕೊಂಡು ಹೋಗಿದ್ದೆ.

ಇಂಡಿಯ ಒಂದು ಸಮುದಾಯ ಕಾಲೇಜಿನಲ್ಲಿ ನಾನು ವಿದ್ಯುತ್ ಕೆಲಸ ಕಲಿಸುತ್ತೇನೆ. ಕಳೆದ ವರ್ಷದವರೆಗೂ ನಮ್ಮ ಕೊನೆಯ ಪರೀಕ್ಷೆ ಕಾಲೇಜಿನ ಕೋಣೆಯಲ್ಲಿ, ಮರದ ಹಲಗೆಯ ಮೇಲೆ ನಡೆಯುತ್ತಿತ್ತು. ಹಲಗೆಗೆ ತಂತಿ ಜೋಡಿಸಿ ಬಲ್ಬು ಹತ್ತಿಸಿದರೆ ಪಾಸು. ಹಲಗೆಯ ಮೇಲೆ ಯಾರೂ ಏಣಿ ಹತ್ತುವುದಿಲ್ಲ, ಹಿಂದಿನಿಂದ ಯಾರೂ ಅವಸರ ಮಾಡುವುದಿಲ್ಲ. ಈ ವರ್ಷದಿಂದ ವಿದ್ಯಾರ್ಥಿಗಳು ಮೂರು ತಿಂಗಳು ದುಡಿದು ಕಲಿತ ಜಾಗದಲ್ಲಿಯೇ ಪರೀಕ್ಷೆ ಎಂದಾಯಿತು. ಕಲಿಸಿದವರು, ಹೊರಗಿನ ಗುತ್ತಿಗೆದಾರರೊಬ್ಬರು ಮತ್ತು ಆ ಜಾಗದ ಮಾಲೀಕರು, ಮೂವರೂ ಒಪ್ಪಬೇಕು. ಹೀಗಾಗಬೇಕೆಂದು ಸಭೆಗಳಲ್ಲಿ ಬಹಳ ವರ್ಷ ಕೇಳಿದವನು ನಾನೇ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಹಂಚಿಹೋಗಿದ್ದ ನಮ್ಮ ಮಕ್ಕಳನ್ನು ನೋಡಿಬರಲು ಹೊರಟಿದ್ದೆ. ಜೊತೆಗೆ ಇದ್ದವರು ವಿಜಯಪುರದ ಗುತ್ತಿಗೆದಾರ ದಸ್ತಗೀರ ಸಾಹೇಬರು.

ಆಲಮೇಲದಲ್ಲಿ ಸುಜಾತಾ ಹತ್ತಿದಳು. ಆ ದಿನ ಮೊದಲ ಪರೀಕ್ಷೆ ಅವಳದೇ. ಭೀಮೆಯ ಕಡೆಯ ಹಳ್ಳಿಯವಳು. ತಂದೆ ತಾಯಿ ಇಬ್ಬರೂ ಕಬ್ಬು ಕಡಿಯುವ ಕೆಲಸಕ್ಕೆ ಹೋಗುತ್ತಾರೆ. ಸಿಂದಗಿಯ ಹಿಟ್ಟಿನ ಗಿರಣಿಯೊಂದರಲ್ಲಿ ಅವಳು ಮೂರು ತಿಂಗಳು ಇದ್ದಳು. ಮಾಲೀಕ ಶಂಕ್ರೆಪ್ಪನವರು, ಪಾಸಾದರೆ ತಮ್ಮ ಎರಡೂ ಗಿರಣಿಗಳ ಮೋಟರು ನೋಡಿಕೊಳ್ಳಲು ಅವಳನ್ನೇ ಇಟ್ಟುಕೊಳ್ಳುವುದಾಗಿ ಹೇಳಿದ್ದರು.

"ನಂದು ಸೊನ್ನಿ ಟಿಕೆಟ್ ರೀ ಸರ. ನಿಮ್ದು?" ಎಂದು ಸುಜಾತಾ ಕೇಳಿದಳು.

"ನಮ್ದು ಗಂಡಸಾಗಿ ಹುಟ್ಟಿದ್ದಕ್ಕ ದಂಡವ್ವಾ," ಎಂದು ದಸ್ತಗೀರ ಸಾಹೇಬರು ತಮ್ಮ ಟಿಕೆಟ್ಟನ್ನು ಎತ್ತಿ ತೋರಿಸಿದರು.

ಗಿರಣಿಯ ಮುಂದೆ ಆಗಲೇ ಡಬ್ಬಿಗಳ ಸಾಲು. ಹಬ್ಬದ ರೊಟ್ಟಿ ಕಡಬಿಗಾಗಿ ಜೋಳ, ಸಜ್ಜೆ ಬೀಸಿಸಿಕೊಳ್ಳಲು ಓಣಿಯೇ ಬಂದಿತ್ತು. ಮೋಟರಿನ ಸ್ಟಾರ್ಟರಿನಲ್ಲಿ ಸುಟ್ಟಿದ್ದ ಭಾಗವನ್ನು ತೆಗೆದು ಹೊಸದು ಕೂರಿಸಬೇಕು, ಅದೇ ಪರೀಕ್ಷೆ. ಸುಜಾತಾ ಮೊದಲು ಮೇನ್ ಬಂದ್ ಮಾಡಿದಳು. ಮೂರು ಬಿಳಿ ಪಿಂಗಾಣಿ ಫ್ಯೂಸುಗಳನ್ನು ಕಿತ್ತು ತನ್ನ ಅಂಗಿಯ ಕಿಸೆಗೆ ಹಾಕಿ ಗುಂಡಿ ಹಚ್ಚಿದಳು. ಆ ಮುಚ್ಚಳವಿರುವ ಕಿಸೆಯನ್ನು ನಮ್ಮ ಕಾಲೇಜಿನ ಪ್ರತಿ ವಿದ್ಯಾರ್ಥಿಯೂ ಹೊಲಿಸಿಕೊಳ್ಳಬೇಕು. ಕೆಲಸ ಮಾಡುವವನ ಫ್ಯೂಸು ಕೆಲಸ ಮಾಡುವವನ ಮೈಮೇಲೆಯೇ ಇರಬೇಕು ಎನ್ನುವುದು ನನ್ನ ಮೊದಲ ಪಾಠ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಅವಳ ಕೈ ಚೊಕ್ಕವಾಗಿ ನಡೆಯಿತು. ಹೊಸ ಭಾಗ ಕೂರಿಸಿ ಮುಚ್ಚಳ ಹಾಕುವಷ್ಟರಲ್ಲಿ ಬಜಾರಿಗೇ ಕರೆಂಟ್ ಹೋಯಿತು. ಕಾದೆವು, ಚಹಾ ಕುಡಿದೆವು. ಕರೆಂಟ್ ಬರಲಿಲ್ಲ. ನಮಗೆ ಮುದ್ದೇಬಿಹಾಳ ಮುಟ್ಟಬೇಕಿತ್ತು. "ನೀವು ಹೋಗ್ರಿ ಮಾಸ್ತರ, ಕರೆಂಟ್ ಬಂದಕೂಡ್ಲೇ ನಾ ಚಾಲೂ ಮಾಡಿ ನೋಡ್ತೇನಿ. ತಿರುಗಿ ಬರೂ ಮುಂದ ಸಹಿ ತಗೊಂಡು ಹೋಗ್ರಿ," ಎಂದರು ಶಂಕ್ರೆಪ್ಪ. ಆಲಮೇಲದ ಬಸ್ಸು ಹೊರಟುನಿಂತಿತ್ತು. ಸುಜಾತಾ ಓಡಿದಳು. ನಾವೂ ತಾಳಿಕೋಟೆಯ ಮೇಲೆ ಹೋಗುವ ಬಸ್ಸು ಹಿಡಿದೆವು.

ಆ ರಾತ್ರಿ ಮುದ್ದೇಬಿಹಾಳದ ಖಾನಾವಳಿಯಲ್ಲಿ ಬಿಸಿರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಸಿಕ್ಕವು. ಎರಡನೆಯ ರೊಟ್ಟಿ ಮುರಿಯುವಾಗ ಫೋನು ಬಂತು.

"ಸರ," ಎಂದಳು ಸುಜಾತಾ. "ಸರ, ಗಿರಣಿ ನನ್ನ ಕಿಸೆದಾಗ ಐತ್ರಿ."

ಮನೆಗೆ ಹೋಗಿ ಅಂಗಿ ಬಿಚ್ಚುವಾಗ ಫ್ಯೂಸುಗಳು ಕೈಗೆ ಸಿಕ್ಕಿದ್ದವು. ಸಿಂದಗಿಗೆ ಇನ್ನು ಬಸ್ಸಿರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗು ಎಂದೆ. ಫೋನು ಇಡುವಷ್ಟರಲ್ಲಿ ಶಂಕ್ರೆಪ್ಪನವರದು ಬಂತು.

"ಏನ್ ಮಾಸ್ತರ, ಪರೀಕ್ಷಾ ಮಾಡಾಕ ಬಂದಿದ್ರೋ ಗಿರಣಿ ಹೊತ್ಕೊಂಡು ಹೋಗಾಕ ಬಂದಿದ್ರೋ? ಕರೆಂಟ್ ಬಂತು, ನೋಡಿದ್ರ ಬೋರ್ಡಿನ್ಯಾಗ ಮೂರು ಹಲ್ಲು ಬಿದ್ದಾವು. ಫ್ಯೂಜ್ ಮಾರೂ ಅಂಗಡಿಯಂವ ಹಬ್ಬಕ್ಕ ಊರಿಗೆ ಹೋಗ್ಯಾನ. ಮಂದಿ ಡಬ್ಬಿ ಎತ್ಕೊಂಡು ಬ್ಯಾರೆ ಗಿರಣಿಗೆ ನಡದ್ರು. ಕಿಸೆದಾಗ ಇಟ್ಕೋ ಅಂತ ಆಕಿಗೆ ಕಲಿಸಿದಂವ ಯಾರ್ರೀ?"

"ನಾನ್ರಿ," ಎಂದೆ.

"ಹಂಗಾರ ನೀವ ಬಂದು ಬೀಸ್ರಿ. ನಾ ಸಹಿ ಮಾಡಂಗಿಲ್ಲ," ಎಂದು ಇಟ್ಟರು.

ಮರುದಿನ ಮುದ್ದೇಬಿಹಾಳದ ಮಾರುಕಟ್ಟೆ ಪ್ರಾಂಗಣದ ದಲಾಲಿ ಅಂಗಡಿಯೊಂದರಲ್ಲಿ ನಮ್ಮ ಇಬ್ಬರು ಹುಡುಗರ ಪರೀಕ್ಷೆ ತೊಂದರೆಯಿಲ್ಲದೆ ಮುಗಿಯಿತು. ಅಷ್ಟರಲ್ಲಿ ಸುಜಾತಾ ಬೆಳಿಗ್ಗೆಯೇ ಫ್ಯೂಸು ಕೂರಿಸಿದಳೆಂದೂ ಗಿರಣಿ ಒಂದೇ ಸಲಕ್ಕೆ ಚಾಲೂ ಆಯಿತೆಂದೂ ತಿಳಿದಿತ್ತು. ಶಂಕ್ರೆಪ್ಪ ಮಾತ್ರ ಅವಳ ಜೊತೆ ಮಾತಾಡಲಿಲ್ಲವಂತೆ. ತೊಗರಿ ಚೀಲಗಳ ಮೇಲೆ ಕುಳಿತು ದಸ್ತಗೀರ ಸಾಹೇಬರು ಅವಳ ಹಾಳೆ ತೆಗೆದರು. ಅದರಲ್ಲಿ ಒಂದು ಪ್ರಶ್ನೆ: ಕೆಲಸದ ಜಾಗವನ್ನು ಮೊದಲಿನಂತೆ ಚಾಲೂ ಸ್ಥಿತಿಯಲ್ಲಿ ಒಪ್ಪಿಸಲಾಗಿದೆಯೇ? ಇದಕ್ಕೆ "ಇಲ್ಲ" ಎಂದು ಬರೆದರೆ ಉಳಿದದ್ದೆಲ್ಲ ಸರಿಯಿದ್ದರೂ ಫೇಲು.

"ಹೌದು ಅಂತ ಹಾಕ್ರಿ ಮಾಸ್ತರ. ಗಿರಣಿ ಚಾಲೂ ಆಗೇತಿ. ಯಾರು ನೋಡ್ತಾರ?"

"ನಾನು ನೋಡೇನ್ರಿ," ಎಂದೆ. "ನಾವು ಹೊರಟಾಗ ಬೋರ್ಡು ಖಾಲಿ ಇತ್ತು. ನಾವಿಬ್ರೂ ಅಲ್ಲೇ ನಿಂತಿದ್ವಿ."

ಅವರು ಹಾಳೆಯನ್ನು ಮಡಚಿ ನನ್ನ ಕೈಗಿಟ್ಟರು. ನಾನು ಆ ದಿನ ಏನನ್ನೂ ಬರೆಯಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಬಸವನ ಬಾಗೇವಾಡಿಯಲ್ಲಿ ಇಳಿದಾಗ ಅಂಗಡಿಗಳು ಮುಚ್ಚಿದ್ದವು. ಊರೆಲ್ಲ ಹೊಲಕ್ಕೆ ಹೋಗಿತ್ತು. ನಿಲ್ದಾಣದಿಂದ ನಡೆದು ಒಂದು ತಿರುವಿನಲ್ಲಿ ನಿಂತೆ. ಅಲ್ಲಿ ಹಿಂದೆ ಹತ್ತಿಯ ಗೋದಾಮು ಇತ್ತು. ಈಗ ಮೊಬೈಲ್ ಅಂಗಡಿ, ಮೇಲೆ ಟ್ಯೂಶನ್ ಕ್ಲಾಸು. ಹಳೆಯ ಗೋಡೆಯಲ್ಲಿ ಉಳಿದದ್ದು ಕಿಟಕಿಯೊಂದೇ. ಆಗ ನಾನೂ ಗೆಳೆಯ ರೇವಣಸಿದ್ದನೂ ಕಲಿತು ಹೊರಬಿದ್ದ ಹೊಸದು. ಇಬ್ಬರಿಗೂ ಸೇರಿ ಒಂದೇ ಇಕ್ಕಳ. ಅದು ಯಾರ ಚೀಲದಲ್ಲಿರಬೇಕೆಂದು ಬಸ್ಸಿನಲ್ಲಿ ಜಗಳಾಡುತ್ತಿದ್ದೆವು. ಸಿಂದಗಿ ನಿಲ್ದಾಣದಲ್ಲಿ ಒಂದು ತಟ್ಟೆ ಮಂಡಕ್ಕಿಯ ಸೂಸಲ, ಎರಡು ಮಿರ್ಚಿ ಹಂಚಿಕೊಂಡು ತಿನ್ನುತ್ತಿದ್ದೆವು. ಈ ಗೋದಾಮಿನಲ್ಲಿ ಅವನು ಏಣಿಯ ಮೇಲಿದ್ದ, ನಾನು ಏಣಿ ಹಿಡಿದಿದ್ದೆ. ಫ್ಯೂಸನ್ನು, ಆಗ ಎಲ್ಲರೂ ಮಾಡುತ್ತಿದ್ದಂತೆ, ಕಿಟಕಿಯಲ್ಲಿ ಇಟ್ಟಿದ್ದ. ಸೆಕೆಯಾಯಿತೆಂದು ಒಳಗಿನವರು ಯಾರೋ ಫ್ಯಾನಿಗಾಗಿ ಅದನ್ನು ತೆಗೆದು ಬೋರ್ಡಿಗೆ ಹಾಕಿದರು. ಅವರು ಕೆಟ್ಟವರಲ್ಲ, ಮೇಲೆ ನೋಡಲಿಲ್ಲ ಅಷ್ಟೆ. ಏಣಿ ನನ್ನ ಅಂಗೈಯಲ್ಲಿ ಅದುರಿತು. ಆ ಅದುರು ಈಗಲೂ ಕೆಲವೊಮ್ಮೆ, ಬಸ್ಸಿನ ಕಂಬಿ ಹಿಡಿದಾಗ, ಬರುತ್ತದೆ. ಕಂಬಿ ಬಿಟ್ಟು ಮತ್ತೆ ಹಿಡಿಯುತ್ತೇನೆ.

ರೇವಣಸಿದ್ದ ಉಳಿದ. ಬಲಗೈಯ ಬೆರಳುಗಳು ಮಡಚಿಕೊಂಡು ಹಾಗೇ ನಿಂತವು. ಈಗ ಹೂವಿನ ಹಿಪ್ಪರಗಿಯಲ್ಲಿ ಅಣ್ಣತಮ್ಮಂದಿರ ಜೊತೆ ಹೊಲ ನೋಡುತ್ತಾನೆ. ಹಬ್ಬಕ್ಕೆ ಬಾ ಎಂದು ಪ್ರತಿವರ್ಷ ಕರೆಯುತ್ತಿದ್ದ. ಈ ಸಲ ನಾನೂ ದಸ್ತಗೀರ ಸಾಹೇಬರೂ ಹೋದೆವು. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಮನೆಯವರು ಚರಗ ಚೆಲ್ಲುತ್ತ, ಎಂದರೆ ಅಡುಗೆಯ ತುತ್ತನ್ನು ಪೈರಿನ ಮೇಲೆ ಎರಚುತ್ತ, ಹೊಲ ಸುತ್ತುತ್ತಿದ್ದರು. ಸಜ್ಜೆ ರೊಟ್ಟಿ, ಕಡಬು, ಭಜ್ಜಿಪಲ್ಯ, ಶೇಂಗಾ ಹೋಳಿಗೆ ಬಡಿಸಿದರು.

ರೇವಣಸಿದ್ದ ಎಡಗೈಯಲ್ಲಿ ಉಣ್ಣುತ್ತ ಸುಜಾತಾಳ ಕಥೆ ಕೇಳಿದ. ಕಿಸೆಯ ಮಾತು ಬಂದಾಗ ನಕ್ಕು ಕೆಮ್ಮಿದ.

"ಲೇ ಪಾಂಡ್ಯಾ, ನಮ್ಮ ಕಾಲದಾಗ ಹಿಂಗ ಮನಿಗೆ ಒಯ್ದಿದ್ರ ಚಲೋ ಇತ್ತಲ್ಲೋ! ಬೈತಿದ್ರು, ಕೈ ಉಳೀತಿತ್ತು." ಆಮೇಲೆ ಕೇಳಿದ, "ಏನಂತ ಬರೀತಿ?"

"ಇಲ್ಲ ಅಂತ ಬರೀಬೇಕಾಗೈತಿ."

"ಬರಿ. ತಪ್ಪು ತಪ್ಪ. ಮಂದಿ ಹಿಟ್ಟಿಲ್ದ ಹೋಗ್ಯಾರ. ಆದ್ರ ಮತ್ತೊಮ್ಮೆ ಕರಿ ಆಕೀನ. ನಾನೂ ಬರ್ತೇನಿ."

"ನೀ ಯಾಕೋ?"

"ಸಿಂದಗಿ ಮಿರ್ಚಿ ತಿಂದು ಭಾಳ ವರ್ಷ ಆತು," ಎಂದ.

ಎದ್ದು ಕೈ ತೊಳೆದು, ಹಾಳೆಯಲ್ಲಿ "ಇಲ್ಲ" ಎಂದು ಬರೆದೆ. ಕೆಳಗೆ, "ಮರುಪರೀಕ್ಷೆ ಕೋರಿದೆ" ಎಂದು ಬರೆದು ದಸ್ತಗೀರ ಸಾಹೇಬರ ಮುಂದೆ ಹಿಡಿದೆ. "ವಿಜಯಪುರ ಆ ಕಡೆ, ನೀವು ನನ್ನ ಈ ಕಡೆ ಎಳೀತೀರಿ," ಎಂದು ಗೊಣಗುತ್ತ ಸಹಿ ಹಾಕಿದರು. ಅಲ್ಲಿಂದಲೇ ಸುಜಾತಾಳಿಗೆ ಫೋನು ಮಾಡಿ ನಾಳೆ ಗಿರಣಿಗೆ ಬಾ ಎಂದೆ.

ಮರುದಿನ ಬಾಗೇವಾಡಿಯ ವಸತಿಗೃಹವೊಂದರಲ್ಲಿ ಉಳಿದ ಪರೀಕ್ಷೆ ಬೇಗ ಮುಗಿಸಿ ಸಿಂದಗಿಯ ಕಡೆ ಹೊರಟೆವು. ರೇವಣಸಿದ್ದ ಹಿಪ್ಪರಗಿಯಲ್ಲಿ ಹತ್ತಿದ. ತಲೆಗೆ ಒಗೆದ ಪಟಕ ಸುತ್ತಿ, ಸೀತನಿಯ ಗಂಟು ಹಿಡಿದು ಬಂದಿದ್ದ. ಸುಟ್ಟ ಎಳೆಜೋಳದ ಕಾಳನ್ನು ಮೂವರೂ ಬಸ್ಸಿನಲ್ಲಿ ಮುಕ್ಕಿದೆವು. ಕಿಟಕಿಯ ಪಕ್ಕ ಯಾರು ಕೂರಬೇಕೆಂದು ನಾವಿಬ್ಬರೂ ಹಳೆಯ ಹಾಗೆ ಜಗಳ ತೆಗೆದೆವು. ಅವನೇ ಗೆದ್ದ.

ಸುಜಾತಾ ನಮಗಿಂತ ಮೊದಲೇ ಬಂದು ಗಿರಣಿಯ ಕಟ್ಟೆಯ ಹೊರಗೆ ನಿಂತಿದ್ದಳು. ಒಳಗೆ ಹೋಗಿರಲಿಲ್ಲ. ಹಬ್ಬ ಮುಗಿದಿದ್ದರಿಂದ ಗಿರಣಿ ಖಾಲಿ. ಶಂಕ್ರೆಪ್ಪ ಮುಖ ತಿರುಗಿಸಿದರೂ ಚಹಾ ತರಿಸಿದರು. ರೇವಣಸಿದ್ದ ಎಡಗೈಯಲ್ಲಿ ಚಹಾದ ಬಸಿ ಹಿಡಿದು, ಮಡಚಿದ ಬಲಗೈಯನ್ನು ಅದಕ್ಕೆ ಆಸರೆಯಾಗಿ ಕೊಟ್ಟ. ಶಂಕ್ರೆಪ್ಪ ನೋಡಿದರು.

"ಗಿರಣ್ಯಾಗ ಸಿಕ್ಕಿತ್ತೇನ್ರಿ ಕೈ?"

"ಇಲ್ರಿ ಯಜಮಾನ್ರ. ಫ್ಯೂಜ್ ಕಿಟಕ್ಯಾಗ ಇಟ್ಟಿದ್ದೆ."

ರೇವಣಸಿದ್ದ ಬಸಿಯ ಚಹಾ ಮುಗಿಸಿದ. ಶಂಕ್ರೆಪ್ಪ ಬೋರ್ಡಿನ ಕಡೆ ನೋಡಿದರು, ಬೋರ್ಡಿನ ಪಕ್ಕದ ಕಿಟಕಿಯ ಕಡೆ ನೋಡಿದರು. ಎದ್ದು ಹೊರಗೆ ಬಂದರು.

"ಹೊರಗ್ಯಾಕ ನಿಂತೀಬೇ? ಒಳಗ ಬಾ. ಹಬ್ಬದಾಗಿಂದ ಸ್ಟಾರ್ಟರ್ ಗುಂಯ್ ಅನ್ನಾಕತ್ತೈತಿ. ಬಿಚ್ಚಿ ನೋಡು."

ಅವಳು ಮೇನ್ ಬಂದ್ ಮಾಡಿದಳು. ಮೂರು ಫ್ಯೂಸು ಕಿತ್ತಳು. ಶಂಕ್ರೆಪ್ಪ ಅಂಗೈ ಚಾಚಿ, "ಕೊಡಿಲ್ಲಿ, ನಾ ಹಿಡ್ಕೊಂಡಿರ್ತೇನಿ. ಯಾರಿಗೂ ಕೊಡಂಗಿಲ್ಲ," ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸುಜಾತಾ ಅವರ ಅಂಗೈ ನೋಡಿದಳು, ನನ್ನ ಕಡೆ ನೋಡಲಿಲ್ಲ. ನೌಕರಿ ಕೊಡಬೇಕಾದ ಕೈ ಅದು.

"ಬ್ಯಾಡ್ರಿ ಕಾಕಾ," ಎಂದಳು. "ನನ್ನ ಕಿಸೆದಾಗ ಇರ್ಲಿ."

ಗುಂಡಿ ಹಚ್ಚಿದಳು. ಶಂಕ್ರೆಪ್ಪನವರ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದೇ ಕೈಯಿಂದ ಅವಳಿಗೆ ಬ್ಯಾಟರಿ ಬೆಳಕು ಹಿಡಿದರು.

ಸಡಿಲಾದ ತಿರುಪು ಬಿಗಿಮಾಡಿ, ಮುಚ್ಚಳ ಹಾಕಿ, ಫ್ಯೂಸುಗಳನ್ನು ಒಂದೊಂದಾಗಿ ಕೂರಿಸಿದಳು. ಗಿರಣಿ ತಿರುಗಿತು. ರೇವಣಸಿದ್ದ ತನ್ನ ಗಂಟಿನ ತಳದಿಂದ ಒಂದಿಷ್ಟು ಒಣ ಜೋಳ ತೆಗೆದು ಸುರಿದ. ಬೆಚ್ಚನೆಯ ಹಿಟ್ಟು ಇಳಿಯಿತು. ಶಂಕ್ರೆಪ್ಪ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, ಹಿಟ್ಟಿನ ಕೈಯಲ್ಲಿಯೇ ಸಹಿ ಮಾಡಿದರು. ಹಾಳೆಯ ಮೇಲೆ ಆ ಬೆರಳಿನ ಬಿಳಿ ಗುರುತು ಹಾಗೇ ಉಳಿಯಿತು, ನಾನು ಒರೆಸಲಿಲ್ಲ.

"ಸೋಮವಾರದಿಂದ ಬಾ. ಆದ್ರ ಒಂದು ಮಾತು..." ಎಂದರು. ಮಾತು ಮುಗಿಸಲಿಲ್ಲ.

ನಿಲ್ದಾಣದಲ್ಲಿ ಮಿರ್ಚಿ ತಿಂದೆವು. ರೇವಣಸಿದ್ದ ತನ್ನ ಪಾಲಿನ ಒಂದನ್ನು ಮುರಿದು ಅರ್ಧ ನನಗೆ ಕೊಟ್ಟು ಹಿಪ್ಪರಗಿಯ ಬಸ್ಸು ಹತ್ತಿದ. ದಸ್ತಗೀರ ಸಾಹೇಬರು ವಿಜಯಪುರಕ್ಕೆ ಹೋದರು. ನಾನೂ ಸುಜಾತಾಳೂ ಆಲಮೇಲದ ಮೇಲೆ ಇಂಡಿಗೆ ಹೋಗುವ ಬಸ್ಸಿನಲ್ಲಿ ಕುಳಿತೆವು. ಬಸ್ಸು ಗಿರಣಿಯ ಮುಂದೆ ಎತ್ತಿನ ಗಾಡಿಗೆ ದಾರಿಬಿಡಲು ನಿಂತಿತು. ಕಟ್ಟೆಯ ಮೇಲಿದ್ದ ಶಂಕ್ರೆಪ್ಪ ನಮ್ಮನ್ನು ಕಂಡು ಎದ್ದುನಿಂತು ಕೂಗಿದರು:

"ತಂಗೀ, ಕಿಸೆ ತೋರಿಸಿ ಹೋಗು!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. ಸುಜಾತಾ ಕಿಟಕಿಯಲ್ಲಿ ಎದ್ದುನಿಂತು, ಗುಂಡಿ ಬಿಚ್ಚಿ, ಕಿಸೆಯನ್ನು ಒಳಹೊರಗು ಮಾಡಿ ತೋರಿಸಿದಳು. ಬಸ್ಸು ಹೊರಟಿತು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಹಿಂದೆ ತಿರುಗಿ ನೋಡಿದೆ. ಅವರು ಇನ್ನೂ ಕೈಯೆತ್ತಿಕೊಂಡೇ ನಿಂತಿದ್ದರು. ಅವರ ಹಿಂದೆ ಬೋರ್ಡಿನ ಮೇಲೆ ಮೂರು ಬಿಳಿ ಫ್ಯೂಸುಗಳು ಕಾಣುತ್ತಿದ್ದವು.