ಲೋಟ ಮುಟ್ಟದ ಕುಡುಕ

“ಸಾರ್, ಇದನ್ನ ನನ್ನ ಬಾಯಿಗೆ ಹುಯ್ರಿ” ಎಂದ ಆತ.

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ, ಹೊಸದುರ್ಗದ ಸಾರಾಯಿ ಅಂಗಡಿಯ ಪಕ್ಕ ಬಸ್ಸಿಗೆ ಕಾಯುತ್ತಿದ್ದೆ. ಕಟ್ಟೆಯ ಮೇಲೆ ತುಂಬಿದ ಲೋಟವಿತ್ತು. ಅದರ ಮುಂದೆ ಈ ಅಪರಿಚಿತ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕುಳಿತಿದ್ದ. ಕೈಗೇನಾಯಿತೆಂದು ಕೇಳಿದೆ.

“ಸಾರಾಯಿ ಲೋಟ ಕೈಯಾಗೆ ಹಿಡಿಯಲ್ಲ ಅಂತ ಕರ್ಪೂರ ಹಚ್ಚಿ, ಮಕ್ಳ ಮ್ಯಾಲೆ ಆಣೆ ಮಾಡೀನ್ರಿ!”

ನಗು ತಡೆದುಕೊಂಡು ಹಿಂದೆ ಸರಿದೆ. ಅಷ್ಟರಲ್ಲಿ ಅವನ ಹೆಂಡತಿ ಸೊಪ್ಪಿನ ಬುಟ್ಟಿ ಹೊತ್ತು ಬಂದಳು. ಈಗ ಇವನಿಗೆ ಗ್ರಹಚಾರ ಕಾದಿದೆ ಎಂದುಕೊಂಡೆ. ಆಕೆ ಬುಟ್ಟಿ ಇಳಿಸಿದಳು, ಲೋಟ ಎತ್ತಿ ಮಗುವಿಗೆ ಔಷಧಿ ಕುಡಿಸುವಂತೆ ಅವನಿಗೆ ಕುಡಿಸಿದಳು, ಸೆರಗಿನಿಂದ ಅವನ ಬಾಯಿ ಒರೆಸಿದಳು.

“ಮಕ್ಳ ಮ್ಯಾಲಿನ ಆಣೆ ಅಲ್ವೇನ್ರಿ” ಎಂದಳು ನನ್ನತ್ತ ತಿರುಗಿ.

ಇಂದಿಗೂ ಯಾರಾದರೂ ಕುಡಿತ ಬಿಟ್ಟೆನೆಂದರೆ, ನನ್ನ ಕಣ್ಣು ಮೊದಲು ಅವರ ಹೆಂಡತಿಯ ಕೈ ನೋಡುತ್ತದೆ.