ಶೇಠರ ಕುರ್ಚಿಯ ದೂಳು

ಬೆಳಿಗ್ಗೆ ಆರಕ್ಕೆ ಕುಡಿಯುವ ನೀರು ಹಿಡಿದಿಟ್ಟೆ. ಹಾಲು ಕಾಯಿಸಿದೆ. ಹೆಂಡತಿಯ ಬ್ರಷ್ಷಿಗೆ ಪೇಸ್ಟು ಹಚ್ಚಿಕೊಟ್ಟೆ, ಮುಖ ತೊಳೆಸಿದೆ, ತಲೆ ಬಾಚಿದೆ, ಜಡೆ ಸೊಟ್ಟಗಾಯಿತು. ಉಪ್ಪಿಟ್ಟು ಮಾಡಿದೆ. ಎಂಟು ಗಂಟೆಯ ಮಾತ್ರೆ ಕೊಟ್ಟೆ. ಎರಡು ಬಕೆಟ್ ಬಟ್ಟೆ ಒಗೆದು ಒಣಹಾಕಿದೆ. ಬಾಲ್ಕನಿಯಲ್ಲಿದ್ದ ಹಳೆಯ ಕುರ್ಚಿಯ ರೆಕ್ಸಿನ್ ಹರಿದು, ಒಳಗಿನ ತೆಂಗಿನ ನಾರು, ಪುಡಿಪುಡಿಯಾದ ಸ್ಪಂಜು, ದೂಳು ಎಲ್ಲವನ್ನೂ ಮೂರು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿಬಂದೆ. ಬಾಲ್ಕನಿ ಗುಡಿಸಿದೆ. ಫಿನಾಯಿಲ್ ಹಾಕಿ ಒರೆಸಿದೆ. ಒಂಬತ್ತೂವರೆಗೆ ಇಷ್ಟೂ ಮುಗಿದಿತ್ತು.

ಇವುಗಳಲ್ಲಿ ಒಂದು ಕೆಲಸವನ್ನು ನಾನು ಮಾಡಬಾರದಿತ್ತು. ಅದು ಗೊತ್ತಾದದ್ದು ಹತ್ತು ಗಂಟೆಗೆ.

ಅದಕ್ಕೆ ಮೊದಲು ಕುರ್ಚಿ ಯಾಕೆ ಬೇಕಾಯಿತು ಎನ್ನುವುದನ್ನು ಹೇಳಬೇಕು. ನನ್ನ ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗ ಬಂದಲ್ಲಿಗೆ ನಾವು ಹೋಗುತ್ತ ಬಂದವರು: ಅಹಮದಾಬಾದ್ ಆಯಿತು, ವಡೋದರಾ ಆಯಿತು, ಈಗ ಸೂರತ್. ನಾನು ವಿಮಾ ಕಚೇರಿಯ ನೌಕರಿಯಿಂದ ಸ್ವಯಂನಿವೃತ್ತಿ ಪಡೆದು ಮನೆ ನೋಡಿಕೊಳ್ಳುವವನು. ಕತಾರ್‌ಗಾಮಿನ ತಿರುವಿನಲ್ಲಿ ಅವಳ ಸ್ಕೂಟರು ಜಾರಿತು. ಎಡಭುಜದ ಸ್ನಾಯು ಹರಿದು ಶಸ್ತ್ರಚಿಕಿತ್ಸೆ ಆಯಿತು. ಡಾಕ್ಟರು ಕಳುಹಿಸುವಾಗ ಒಂದೇ ಮಾತನ್ನು ಎರಡು ಸಲ ಹೇಳಿದರು: ಆರು ವಾರ ಬೆನ್ನು ಚಾಚಿ ಮಲಗುವಂತಿಲ್ಲ, ಎಡಕ್ಕೆ ಹೊರಳುವಂತಿಲ್ಲ, ಎಡಗೈ ಊರಿ ಏಳುವಂತಿಲ್ಲ. ಅರ್ಧ ಕೂತೇ ನಿದ್ದೆ ಮಾಡಬೇಕು. ಒಳಗಿನ ಹೊಲಿಗೆ ಬಿಚ್ಚಿಕೊಂಡರೆ ಮತ್ತೆ ಮೊದಲಿಂದ.

ಮನೆಗೆ ಬಂದು ನಾಲ್ಕು ರಾತ್ರಿ ಕಳೆದಿತ್ತು. ಗೋಡೆಗೆ ದಿಂಬು ಪೇರಿಸಿ ಕೂರಿಸಿದರೆ ಹತ್ತು ನಿಮಿಷಕ್ಕೆ ಕೆಳಗೆ ಜಾರುತ್ತಿದ್ದಳು. ನೋವಿಗಿಂತ ಹೆದರಿಕೆ ದೊಡ್ಡದಾಗಿತ್ತು. “ಕಣ್ಣು ಮುಚ್ಚಿದ್ರ ಸಾಕು, ಕೈ ಹೋತು ಅನ್ನಸ್ತೈತ್ರಿ” ಎಂದಳು. ನಾಲ್ಕು ದಿನದಲ್ಲಿ ಅವಳ ಕಣ್ಣ ಕೆಳಗೆ ಮಸಿ ಬಳಿದಂತಾಗಿತ್ತು. ಬಲಗೈಯಲ್ಲಿ ಚಮಚ ಹಿಡಿದೇ ತೂಕಡಿಸುತ್ತಿದ್ದಳು, ನಾನೇ ತಿನ್ನಿಸುತ್ತಿದ್ದೆ.

ಅಂಗಡಿಯ ಹೊಸ ಆರಾಮಕುರ್ಚಿಗಳನ್ನು ನೋಡಿಬಂದಿದ್ದೆ. ಎಲ್ಲವೂ ಆಳ. ಐದಡಿ ಎತ್ತರದ ಅವಳು ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ, ಏಳಬೇಕೆಂದರೆ ಎರಡೂ ಕೈ ಊರಬೇಕು. ವಡೋದರಾದ ಹಾಸ್ಟೆಲಿನಲ್ಲಿರುವ ಮಗಳು, ಪರೀಕ್ಷೆ ಬಿಟ್ಟು ಬರಲಾಗದ ಸಂಕಟಕ್ಕೆ, ಫೋನಿನಲ್ಲೇ ಹುಡುಕಿ ಒಂದು ಚಿತ್ರ ಕಳಿಸಿದಳು. “ಪಪ್ಪಾ, ದಿಖ್ಖೋದು ಗಂದಾ ಇದೆ, ಆದ್ರೆ ಬಹು ಮಜಬೂತ್. ಲೇ ಲೋ.” ನೋಡಲು ಕೊಳಕು, ಆದರೆ ಬಲು ಗಟ್ಟಿ, ತಗೊಳ್ಳಿ ಎಂದು. ಅವಳ ಕನ್ನಡ ಹೀಗೇ. ಮಾತು ಮಾತ್ರ ನಿಜ. ಅದು ವಜ್ರದ ಕಾರ್ಖಾನೆ ನಡೆಸುತ್ತಿದ್ದ ಶೇಠರೊಬ್ಬರ ಕುರ್ಚಿ. ಕೆಲಸ ಇಳಿದು ಅರ್ಧ ಕಾರ್ಖಾನೆ ಮುಚ್ಚಿದ್ದರಿಂದ ಮೇಜು, ಕುರ್ಚಿ, ಕಪಾಟು ಮಾರುತ್ತಿದ್ದರು. ಸಾಗುವಾನಿ ಚೌಕಟ್ಟು, ಹಲಗೆಯಷ್ಟು ಅಗಲದ ಕೈಗಳು, ತಲೆಗಿಂತ ಎತ್ತರದ ಓರೆ ಬೆನ್ನು. ಅದರ ಮೇಲೆ ಬಿರುಕು ಬಿಟ್ಟ ಯಕೃತ್ತಿನ ಬಣ್ಣದ ರೆಕ್ಸಿನ್, ಸಾಲುಸಾಲಾಗಿ ಹಿತ್ತಾಳೆ ಬಣ್ಣದ ಗುಂಡಿಗಳು, ಕೈಗಳ ತುದಿಯಲ್ಲಿ ಎರಡು ಸಿಂಹದ ಮುಖ. ಒಂದು ಸಿಂಹಕ್ಕೆ ಮೂಗಿರಲಿಲ್ಲ. ಇಡೀ ಕುರ್ಚಿ ತಂಬಾಕಿನ ವಾಸನೆ ಹೊಡೆಯುತ್ತಿತ್ತು.

ಕೊಂಡು ತಂದಾಗ ಹೆಂಡತಿ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. “ಇದರ ಮ್ಯಾಲೆ ಕುಂತ್ರ ನಾ ಯಾರಿಗರೆ ಗಲ್ಲು ಶಿಕ್ಷೆ ಕೊಡಬೇಕಾಗ್ತೈತಿ” ಎಂದಳು.

ಅದನ್ನು ಬಿಚ್ಚಿ ಅವಳ ಅಳತೆಗೆ ಹೊಸದಾಗಿ ಹೊಲಿದು ಕೊಡಲು ಸಿಕ್ಕವನು ನಲವತ್ತರ ಆಸುಪಾಸಿನ ಕಾರಿಗರ್. ಇಪ್ಪತ್ತು ವರ್ಷ ವಜ್ರಕ್ಕೆ ಹೊಳಪು ಕೊಡುವ ಚಕ್ರದ ಮುಂದೆ ಕೂತಿದ್ದವನು. ಆ ಚಕ್ರಕ್ಕೆ ಇಲ್ಲಿ ಘಂಟಿ ಎನ್ನುತ್ತಾರೆ. ಕೆಲಸ ನಿಂತ ಮೇಲೆ ಭಾವಮೈದುನನಿಂದ ಸೋಫಾ ಹೊಲಿಯಲು ಕಲಿತಿದ್ದ. ಶುಕ್ರವಾರ ಸಂಜೆ ಬಂದು ಕುರ್ಚಿಯ ಸುತ್ತ ಎರಡು ಸುತ್ತು ಹಾಕಿ, ಎಲ್ಲಿಂದ ತಂದದ್ದೆಂದು ಕೇಳಿದ. ಹೇಳಿದೆ. ನಾಳೆ ಹತ್ತಕ್ಕೆ ಬರುತ್ತೇನೆ, ಬರುವಾಗ ಬಿಳಿ ಚಾದರ ತರುತ್ತೇನೆ ಎಂದ. ಅಚ್ಚುಕಟ್ಟಿನ ಮನುಷ್ಯ, ನೆಲ ಹೊಲಸಾಗದಿರಲೆಂದು ಚಾದರ ಹಾಸುತ್ತಾನೆ ಎಂದುಕೊಂಡೆ. ಅವನಿಗೆ ಅರ್ಧ ದಿನ ಉಳಿಸಿದರೆ ಇವಳಿಗೆ ಒಂದು ರಾತ್ರಿ ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಬೆಳಿಗ್ಗೆ ಎದ್ದು ನಾನೇ ಕತ್ತರಿ ಹಿಡಿದೆ.

ಹತ್ತಕ್ಕೆ ಸರಿಯಾಗಿ ಬಂದ. ಕಂಕುಳಲ್ಲಿ ಮಡಚಿದ ಚಾದರ. ಬಾಲ್ಕನಿಯಲ್ಲಿ ಬರೀ ಮರದ ಅಸ್ಥಿಪಂಜರ ಕಂಡು ಹೊಸ್ತಿಲಲ್ಲೇ ನಿಂತ. ಚಪ್ಪಲಿ ಬಿಡಲಿಲ್ಲ.

“ಕಾಕಾ, ಕಚರೋ ಕ್ಯಾಂ?” ಎಂದು ಕೇಳಿದ. ಕಸ ಎಲ್ಲಿ ಎಂದು.

ಗಾಡಿಗೆ ಹಾಕಿಬಂದೆ, ನಿಮ್ಮ ಅರ್ಧ ಕೆಲಸ ಮುಗಿಸಿಟ್ಟಿದ್ದೇನೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವನ ಮುಖ ಇಳಿದುಹೋಯಿತು. ಯಾವ ಗಾಡಿ, ಎಷ್ಟು ಹೊತ್ತಿಗೆ, ಯಾವ ಕಡೆ ಹೋಯಿತು ಎಂದು ಒಂದಾದ ಮೇಲೊಂದು ಕೇಳಿದ. ನಾನು ಕೆಳಗೆ ಓಡಿದೆ. ಗಾಡಿ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಮೇಲೆ ಬಂದು ಕಸಬರಿಗೆಯನ್ನು ಪತ್ರಿಕೆಯ ಮೇಲೆ ಝಾಡಿಸಿ, ಉದುರಿದ್ದನ್ನು ಅವನ ಮುಂದೆ ಹಿಡಿದೆ. ಅವನು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದ.

ಆಮೇಲೆ ನಿಧಾನವಾಗಿ, ಹಿಂದಿಯಲ್ಲಿ, ಮಗುವಿಗೆ ಹೇಳುವಂತೆ ವಿವರಿಸಿದ. ವಜ್ರದ ಕಾರ್ಖಾನೆಯ ಕುರ್ಚಿಯನ್ನು ಯಾರೂ ಹಾಗೆ ಬಿಚ್ಚುವುದಿಲ್ಲ. ಶೇಠ್ ಅದರಲ್ಲಿ ಕೂತು ವರ್ಷಗಟ್ಟಲೆ ವಜ್ರ ಕಟ್ಟಿಟ್ಟ ಕಾಗದದ ಪುಡಿಕೆ ಬಿಚ್ಚಿದ್ದಾರೆ, ಸಾಸಿವೆಗಿಂತ ಸಣ್ಣ ಹರಳು ಎಣಿಸಿದ್ದಾರೆ. ಗುಂಡಿಯ ಕುಳಿಯಲ್ಲಿ, ಹೊಲಿಗೆಯ ಸಂದಿಯಲ್ಲಿ ಏನಾದರೂ ಬಿದ್ದಿರಬಹುದು. ಅದಕ್ಕೇ ಚಾದರ ಹಾಸಿ ಬಿಚ್ಚುವುದು. ಬಂದ ದೂಳನ್ನೆಲ್ಲ ಗಂಟು ಕಟ್ಟಿ ಮಾರಿದವರಿಗೆ ತಲುಪಿಸುವುದು. ಏನಾದರೂ ಸಿಗುತ್ತದೆ ಎಂದಲ್ಲ. ನಾಳೆ ಯಾರೂ ಏನೂ ಅನ್ನಬಾರದು ಎಂದು.

ಯಾರಾದರೂ ಕೇಳಿದರೆ ತೆಗೆದವನು ನಾನೇ ಎಂದು ಹೇಳುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿದ. “ನಿಮ್ಮನ್ನು ಯಾರೂ ಕೇಳುವುದಿಲ್ಲ ಕಾಕಾ, ನೀವು ಬ್ಯಾಂಕಿನ ಮನೆಯವರು. ನನ್ನನ್ನು ಕೇಳುತ್ತಾರೆ. ಘಂಟಿ ಮತ್ತೆ ಶುರುವಾದರೆ ನನಗೆ ಕಾರ್ಖಾನೆಯೊಳಗೆ ಹೋಗಲಿಕ್ಕಿದೆ.” ಶೇಠ್ ತನ್ನೆದುರು ನಿಂತು, ಇದರಲ್ಲಿ ತಮ್ಮದೇನೂ ಇಲ್ಲ ಎಂದು ಬಾಯಿಬಿಟ್ಟು ಹೇಳುವ ತನಕ ಆ ಮರಕ್ಕೆ ಕೈ ಹಚ್ಚುವುದಿಲ್ಲ ಎಂದ. ಅದು ಹಟವಲ್ಲ ಎಂದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. ಅವನಿಗೂ ಕಳೆದುಕೊಳ್ಳುವುದು ಇತ್ತು.

ಶೇಠರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಆರನೆಯ ಸಲಕ್ಕೆ ಅವರ ಮನೆಯವರು ಯಾರೋ ಎತ್ತಿ, ಭಾವನಗರದ ಕಡೆ ಮದುವೆಗೆ ಹೋಗಿದ್ದಾರೆ, ನಾಳೆ ಬೆಳಿಗ್ಗೆ ಬರುತ್ತಾರೆ ಎಂದರು. ಕಾರಿಗರ್ ಚಾದರ ಮತ್ತೆ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಬೇರೆ ಇಬ್ಬರು ಹೊಲಿಯುವವರನ್ನು ವಿಚಾರಿಸಿದೆ. ಒಬ್ಬ ಹತ್ತು ದಿನ ಎಂದ. ಇನ್ನೊಬ್ಬ ಕುರ್ಚಿ ಎಲ್ಲಿಯದೆಂದು ಕೇಳಿ, ಬಿಚ್ಚಿದವರು ಯಾರೆಂದು ಕೇಳಿ, ಆಮೇಲೆ ಫೋನ್ ಮಾಡುತ್ತೇನೆ ಎಂದು ಇಟ್ಟ.

ಹೆಂಡತಿ ಎಲ್ಲವನ್ನೂ ಮಂಚದ ಮೇಲಿಂದಲೇ ಕೇಳಿಸಿಕೊಂಡಿದ್ದಳು. ನಾನು ತಲೆ ಕೆಳಗೆ ಹಾಕಿ ಒಳಗೆ ಹೋದೆ.

“ಹೊಲಸು ಕಂಡ್ರ ನಿಮಗ ನಿದ್ದಿ ಬರಂಗಿಲ್ಲ” ಎಂದಳು. “ಈಗ ನನಗ ಬರಂಗಿಲ್ಲ.”

ನಗುತ್ತಲೇ ಹೇಳಿದಳು. ಅದಕ್ಕೇ ಹೆಚ್ಚು ನಾಟಿತು.

ಆ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಬೇಳೆಗೆ ಒಗ್ಗರಣೆ ಹಾಕುತ್ತಿದ್ದಾಗ ಮೆತ್ತಗೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ದಿಂಬು ನೆಲದ ಮೇಲಿತ್ತು, ಅವಳು ಮಂಚದ ಎಡಕ್ಕೆ ವಾಲಿದ್ದಳು. ತೂಕಡಿಸಿ ಜಾರಿದ್ದಳು, ಎಚ್ಚರವಾಗುವಾಗ ಕೊರಳಿಗೆ ಕಟ್ಟಿದ ಜೋಳಿಗೆಯೊಳಗಿನ ಎಡಗೈ ತಾನಾಗಿ ಊರಲು ಹೋಗಿತ್ತು. ತುಟಿ ಬಿಳುಚಿಕೊಂಡಿತ್ತು. ಅವಳನ್ನು ಎತ್ತಿ ಕೂರಿಸುವಾಗ ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂದು ನನಗೆ ತೋಚಲಿಲ್ಲ. ಒಲೆಯ ಮೇಲೆ ಸಾಸಿವೆ ಕರಕಾಯಿತು.

ಆಸ್ಪತ್ರೆಗೆ ಫೋನು ಮಾಡಿದೆ. ಬೆರಳು ಆಡಿಸುತ್ತಾರೆಯೇ ಎಂದು ನರ್ಸ್ ಕೇಳಿದಳು. ಆಡಿಸುತ್ತಾಳೆ. ಬಾವು ಇದೆಯೇ? ಎಷ್ಟಿದ್ದರೆ ಬಾವು, ಎಷ್ಟಿದ್ದರೆ ಅಲ್ಲ ಎಂದು ಯಾರಿಗೆ ಗೊತ್ತು? ಸಂಜೆಯವರೆಗೆ ನೋಡಿ, ನೋವು ಏರಿದರೆ ಕರೆತನ್ನಿ ಎಂದಳು. ಅರ್ಧ ಗಂಟೆಗೊಮ್ಮೆ ಅವಳ ಐದೂ ಬೆರಳು ಆಡಿಸಿ ನೋಡಿದೆ, ಉಗುರು ಒತ್ತಿ ಬಣ್ಣ ಮರಳುವುದನ್ನು ನೋಡಿದೆ. “ಕೈ ನೋಡಿ ಭವಿಷ್ಯನೂ ಹೇಳಿಬಿಡ್ರಿ” ಎಂದಳು. ಸಂಜೆಗೆ ನೋವು ಏರಲಿಲ್ಲ, ಇಳಿಯಲೂ ಇಲ್ಲ. ಆ ರಾತ್ರಿ ಇಬ್ಬರೂ ಕೂತೇ ಬೆಳಗು ಮಾಡಿದೆವು.

ಬೆಳಿಗ್ಗೆ ಒಂಬತ್ತಕ್ಕೆ ಶೇಠರು ತಾವೇ ಬಂದರು. ಸ್ಟೇಷನ್ನಿನಿಂದ ನೇರ ಬಂದಿದ್ದರು, ಕೈಯಲ್ಲಿ ಮದುವೆಯ ಸಿಹಿಯ ಡಬ್ಬಿ ಇತ್ತು. ಕಾರಿಗರನನ್ನೂ ಕರೆಸಿದ್ದೆ, ಅವನು ಹೊಸ್ತಿಲ ಹೊರಗೇ ನಿಂತಿದ್ದ. ಇವರು ಒಂದು ಸಲ ಹುಬ್ಬು ಗಂಟಿಕ್ಕಿದರೆ ಸಾಕು, ಈ ಬೀದಿಯಲ್ಲಿ ಇನ್ನಾರೂ ಈ ಕುರ್ಚಿಯನ್ನು ಮುಟ್ಟುವುದಿಲ್ಲ. ನಡೆದದ್ದನ್ನು ಮುಚ್ಚದೆ ಹೇಳಿದೆ: ನಾನೇ ಬಿಚ್ಚಿದೆ, ನಾನೇ ಎಸೆದೆ, ಈತ ಬರುವುದರೊಳಗೆ ಎಲ್ಲ ಆಗಿತ್ತು.

ಶೇಠರು ಕುರ್ಚಿಯ ಮೂಗಿಲ್ಲದ ಸಿಂಹದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು.

“ಸಾಹೇಬ್ರೇ, ಕಾಠಿಯಾವಾಡದ ವ್ಯಾಪಾರಿ ಹುಡುಕದೆ ಕುರ್ಚಿ ಮಾರುತ್ತಾನೆಯೇ? ನಾನು, ನನ್ನ ಹೆಂಡತಿ, ಲೆಕ್ಕ ಬರೆಯುವ ಮುನೀಮ, ಮೂರು ಸಂಜೆ ಸೂಜಿ ಹಾಕಿ ಕೆದಕಿದ್ದೇವೆ. ಒಂದು ಹರಳು ಸಿಕ್ಕಿತು. ಅದೂ ಒಡೆದದ್ದು.”

ಆಮೇಲೆ ಬಾಗಿಲ ಕಡೆ ತಿರುಗಿ ಕಾರಿಗರನಿಗೆ ಗುಜರಾತಿಯಲ್ಲಿ, ಕಟಕಟೆಯಲ್ಲಿ ಹೇಳುವಂತೆ ಬಿಡಿಬಿಡಿಯಾಗಿ ಹೇಳಿದರು: ಇದರಲ್ಲಿ ನನ್ನದೇನೂ ಇಲ್ಲ. ದೂಳೂ ನನ್ನದಲ್ಲ. ಕಾರಿಗರ್ ಯಾವ ಕಾರ್ಖಾನೆಯಲ್ಲಿ ಕೂರುತ್ತಿದ್ದ ಎಂದು ವಿಚಾರಿಸಿದರು, ಊರು ಕೇಳಿದರು. ಶೇಠರ ಊರಿನ ಪಕ್ಕದ್ದೇ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಹೆಂಡತಿ ಚಹಾಕ್ಕೆ ನನ್ನನ್ನು ಕಣ್ಣಲ್ಲೇ ಕಳಿಸಿದಳು.

ಕಾರಿಗರನ ಕೆಲಸದ ರೀತಿ ನಾನು ಹಿಂದೆಲ್ಲೂ ಕಂಡದ್ದಲ್ಲ. ಟೇಪು ತೆಗೆಯಲೇ ಇಲ್ಲ. ಚೌಕಟ್ಟಿಗೆ ಪಟ್ಟಿ ಬಿಗಿದು, ಹಲಗೆಯಿಟ್ಟು, ಅದರ ಮೇಲೆ ಹಳೆಯ ಗುಜರಾತಿ ಪತ್ರಿಕೆಗಳನ್ನು ಪೇರಿಸಿ ಹೆಂಡತಿಯನ್ನು ಕೂರಿಸಿದ. ಹೇಗಿದೆ ಎಂದು ಕೇಳಲಿಲ್ಲ. ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರಂತೆ. ಅವಳ ಹಿಮ್ಮಡಿಯನ್ನೇ ನೋಡುತ್ತ ಒಂದೊಂದೇ ಪತ್ರಿಕೆ ತೆಗೆದ. ಹಿಮ್ಮಡಿ ನೆಲಕ್ಕೆ ಪೂರ್ತಿ ಕೂತಾಗ ನಿಲ್ಲಿಸಿದ. ಬಲಗೈ ಮಾತ್ರ ಊರಿ ಏಳಿ ಎಂದ. ಎದ್ದಳು. ಕೂತಳು. ಮತ್ತೆ ಎದ್ದಳು. ಬಳಿಕ ಮುಂಭಾಗಕ್ಕೆ ಎರಡು ಬೆರಳಿನಷ್ಟು ಹೆಚ್ಚಿಗೆ ಪತ್ರಿಕೆ ಸೇರಿಸಿದ, ಜಾರದಿರಲೆಂದು. ಆ ಪೇರಿಕೆಯ ದಪ್ಪಕ್ಕೆ ಸರಿಯಾಗಿ ಸ್ಪಂಜು ಕತ್ತರಿಸಿದ. ಹಳೆಯ ಮೊಳೆಯ ತುಣುಕುಗಳನ್ನು ಚಿಮಟದಲ್ಲಿ ಹೆಕ್ಕಿ, ಎಣಿಸಿ ಬಟ್ಟಲಿಗೆ ಹಾಕಿದ.

ನಾನು ಸೂರತ್ತಿನ ಮಾರುಕಟ್ಟೆಯಿಂದ ನೀಲಿ ವೆಲ್ವೆಟ್ ತಂದಿಟ್ಟಿದ್ದೆ. ನೈಲಾನು, ಆದರೆ ನವಿಲಿನ ಕೊರಳಿನ ಹಾಗೆ ಹೊಳೆಯುತ್ತಿತ್ತು. ಅವನು ಕೈಯ ಹಿಂಭಾಗದಿಂದ ಸವರಿ, ಇದರ ಮೇಲೆ ಕೂತರೆ ಅಕ್ಕ ಜಾರಿ ಬೆಳಗಾಗುವುದರೊಳಗೆ ನೆಲದಲ್ಲಿರುತ್ತಾರೆ ಎಂದ. ಮನೆಯಲ್ಲಿ ದಪ್ಪ ಹತ್ತಿಯ ಬಟ್ಟೆ ಇದೆಯೇ ಎಂದು ಕೇಳಿದ. ಹುಬ್ಬಳ್ಳಿಯಿಂದ ತಂದ ಪಟ್ಟೆಪಟ್ಟೆ ಕೈಮಗ್ಗದ ಹೊದಿಕೆ ಕೊಟ್ಟೆ. ಕೂರುವಲ್ಲಿಗೂ ಒರಗುವಲ್ಲಿಗೂ ಅದು ಹೋಯಿತು. ವೆಲ್ವೆಟ್ ಬೆನ್ನ ಹಿಂಬದಿಗೆ. ಮಧ್ಯಾಹ್ನ ಅಂಗಡಿಗೆ ಹೋಗಿ ಹೊಲಿದು ತಂದು, ಸಂಜೆ ಆರರೊಳಗೆ ಮೊಳೆ ಹೊಡೆದು ಮುಗಿಸಿದ.

ಕುರ್ಚಿಯ ಅಂದ ಏನೂ ಹೆಚ್ಚಲಿಲ್ಲ. “ಮುಂದ ಹುಬ್ಬಳ್ಳಿ, ಹಿಂದ ಸೂರತ್” ಎಂದಳು ಹೆಂಡತಿ. ಅವಳ ಎಡಗೈಗೆಂದು ಕುರ್ಚಿಯ ಅಗಲವಾದ ಕೈಯ ಮೇಲೆ ದಿಂಬು ಇಟ್ಟೆ. ಅವಳು ಒರಗಿದಳು. ನಾನು ಎದುರಿಗೆ ಕೂತು ಅವಳ ಸೊಂಟವನ್ನೇ ನೋಡುತ್ತಿದ್ದೆ, ಜಾರುತ್ತಾಳೇನೋ ಎಂದು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಬಟ್ಟೆಯ ಪಟ್ಟೆಗಳನ್ನು ಗುರುತಿಗೆ ಹಿಡಿದಿದ್ದೆ. ಜಾರಿದರೆ ಬೆನ್ನ ಹಿಂದಿನ ಪಟ್ಟೆ ಕಾಣಬೇಕು; ಒಂದೂ ಹೆಚ್ಚು ಕಾಣಿಸಲಿಲ್ಲ. ಆದರೂ ಎದ್ದು ಹೋಗಲು ಧೈರ್ಯ ಬರಲಿಲ್ಲ. “ಹಿಂಗ ದಿಟ್ಟಿಸಿ ನೋಡಿದ್ರ ಯಾರಿಗೆ ನಿದ್ದಿ ಬರ್ತೈತಿ, ಹೋಗಿ ಅನ್ನಕ್ಕ ಇಡ್ರಿ” ಎಂದಳು. ಒಲೆಯ ಮುಂದೆ ನಿಂತರೂ ಕಿವಿ ಇತ್ತಲೇ ಇತ್ತು.

ರಾತ್ರಿ ಊಟಕ್ಕೆ ಮೆತ್ತನೆಯ ಖಿಚಡಿ, ಕಢಿ, ಶೇಂಗಾ ಚಟ್ನಿ. ಶೇಠರು ಕೊಟ್ಟ ಕಡಲೆಹಿಟ್ಟಿನ ಸಿಹಿ ಮೋಹನಥಾಳದಲ್ಲಿ ಒಂದೊಂದು ತುಂಡು. ಅವಳಿಗೆ ಐದಾರು ಚಮಚ ತಿನ್ನಿಸಿದ್ದೆನೇನೋ. ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಲು ಶುರುಮಾಡಿದಳು, ಮಾತು ಮುಗಿಯಲಿಲ್ಲ. ಎಂಟೂಕಾಲು ಆಗಿತ್ತು. ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು. ಉಳಿದ ಖಿಚಡಿಯನ್ನು ನಾನು ಅವಳ ಬಟ್ಟಲಿನಲ್ಲೇ, ಚಮಚದ ಸದ್ದಾಗದಂತೆ ಕೈಯಿಂದ ತಿಂದೆ.