ಪಡಸಾಲೆ ಗೋಡೆಯ ಬೇವು

ಸಿಂಧನೂರಿನ ಬಸ್ ಸ್ಟ್ಯಾಂಡ್ ಹಿಂದೆ ಹೊಸದಾಗಿ ತೆರೆದಿದ್ದ ಇಂಟರ್ನೆಟ್ ಅಂಗಡಿಯಲ್ಲಿ ಅವತ್ತು ನಾನು, ನಮ್ಮಪ್ಪ, ಅಂಗಡಿಯ ಶರಣಪ್ಪ ಮೂವರೇ ಇದ್ದೆವು. ತೊಂಬತ್ತರ ದಶಕದ ಕೊನೆಯ ಮಾತು. ಮಸ್ಕಿಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು ಮಕ್ಕಳಿಗೆ ತೋರಿಸಲು ಅಣುವಿನ ಚಿತ್ರ ಹುಡುಕುತ್ತಿದ್ದೆ. ಯಾವುದೋ ದೇಶದವರು ರಾಶಿರಾಶಿ ಅಣುಗಳ ರಚನೆಯನ್ನು, ಯಾರು ಬೇಕಾದರೂ ನೋಡಲಿ, ಬಳಸಲಿ ಎಂದು ಇಂಟರ್ನೆಟ್ಟಿಗೆ ಹಾಕಿದ್ದರು. ಬೇವಿಗೆ ಕಹಿ ಕೊಡುವ ರಾಸಾಯನಿಕದ ಹೆಸರು ಒತ್ತಿದೆ. ಬಹಳ ಹೊತ್ತು ಕಾಯಿಸಿ, ಬಣ್ಣದ ಗುಂಡುಗಳ ಗೊಂಚಲೊಂದು ಪರದೆಯ ಮೇಲೆ ಮೂಡಿತು.

"ತಿರುಗಿಸಿ ನೋಡ್ರಿ ಕಾಕಾ, ಉದುರಿ ಬೀಳಂಗಿಲ್ಲ" ಎಂದು ಶರಣಪ್ಪ ನಕ್ಕ.

ಅಪ್ಪ ನಗಲಿಲ್ಲ. "ಇದನ್ನ ನೋಡಾಕ ಹೈದರಾಬಾದಿಗೆ ಹೋಗ್ತೀನಂತ ಅಳ್ತಿದ್ದೇನವ್ವಾ ನೀ?"

"ಹೂಂ ಅಪ್ಪಾ. ಆಗ ಅಲ್ಲಿಯ ಲೈಬ್ರರಿ ಬಿಟ್ರ ಹತ್ರದಾಗ ಎಲ್ಲೂ ಸಿಗ್ತಿದ್ದಿಲ್ಲ."

ಎಂ.ಎಸ್ಸಿ. ಮುಗಿಸಿ ಬೇವಿನ ಮೇಲೆ ಸಂಶೋಧನೆಗೆ ಸೇರಿದ್ದೆ. ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಓಡಾಡುವುದು ಬೇಡವೆಂದು ಅದನ್ನು ಬಿಡಿಸಿದವರು ಅಪ್ಪನೇ.

"ಅದ ನಮ್ಮ ಬಾಗಿಲಿಗೆ ಬರತೈತಂತ ಗೊತ್ತಿದ್ರ ನಿನ್ನ ಬಿಡಿಸ್ತಿದ್ದಿಲ್ಲವ್ವಾ" ಅಂದರು. ನಾನು ಮೌಸ್ ಹಿಡಿದು ಆ ಗೊಂಚಲನ್ನು ಅವರಿಗೆ ಕಾಣುವಂತೆ ತಿರುಗಿಸಿದೆ.

ಮುಂದಿನ ವಾರ ಅಪ್ಪ ನಮ್ಮೂರು ಬಳಗಾನೂರಿನಿಂದ ಒಬ್ಬರೇ ಬಸ್ಸು ಹತ್ತಿ ಆ ಅಂಗಡಿಗೆ ಹೋದರಂತೆ. "ನನ್ನ ಮಗಳ ಬೇವು ತೆಗದು ಕೊಡಪಾ" ಎಂದು ಪ್ರಿಂಟ್ ಹಾಕಿಸಿಕೊಂಡು, ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದರು. ಬಂದವರು ಇದೇನೆಂದು ಕೇಳಿದರೆ, "ನನ್ನ ಮಗಳು ಓದಬೇಕಾಗಿದ್ದು" ಎನ್ನುತ್ತಿದ್ದರು.